ಒಂದೇ ಪಾಯಿಂಟು, ಮೂರು ತೂಗುದೀಪ

ತೂಗುದೀಪ ಅಂದರೆ ನಮ್ಮಲ್ಲಿ ಎಷ್ಟೋ ಜನರಿಗೆ ಮೊದಲು ನೆನಪಾಗುವುದು ಖಳನಟ ಶ್ರೀನಿವಾಸ್. 1966ರ ಚಿತ್ರವೊಂದರ ಹೆಸರು ಅವರ ಹೆಸರಿಗೇ ಅಂಟಿಕೊಂಡಿತು. ಈಗ ಆನ್‌ಲೈನ್ ಅಂಗಡಿಗಳ ದಯೆಯಿಂದ ನಿಜವಾದ ತೂಗುದೀಪಗಳು ಮನೆಗೆ ಬರುತ್ತಿವೆ, ಅದೂ ಮೂರು ಮೂರರ ಸೆಟ್ಟಿನಲ್ಲಿ. ಆದರೆ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಸಿಗುವುದು ಸಾಮಾನ್ಯವಾಗಿ ಒಂದೇ ಲೈಟ್ ಪಾಯಿಂಟು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಮನೆಯ ಕಥೆಯೂ ಇದೇ. ನೀವಿರುವ ಮುಂಬೈ, ಚೆನ್ನೈ, ಪುಣೆಯಲ್ಲೂ ಬಹುಶಃ ಬೇರೆಯಿರಲಾರದು.

ಒಂದು ಪಾಯಿಂಟಿನಿಂದ ಮೂರು ದೀಪ ಉರಿಸಬಹುದೇ? ಧಾರಾಳವಾಗಿ. 9 ವ್ಯಾಟಿನ ಮೂರು ಎಲ್ಇಡಿ ಸೇರಿದರೆ 27 ವ್ಯಾಟ್. ಹಿಂದೆ ಅದೇ ಜಾಗದಲ್ಲಿ ಉರಿಯುತ್ತಿದ್ದ 60 ವ್ಯಾಟಿನ ಬುರುಡೆ ಬಲ್ಬಿನ ಅರ್ಧದಷ್ಟೂ ಇಲ್ಲ. "ಲೋಡ್ ಜಾಸ್ತಿ ಆಗುತ್ತೆ" ಎಂದು ಯಾರಾದರೂ ಹೆದರಿಸಿದರೆ ಈ ಲೆಕ್ಕ ಹೇಳಿ.

ಜೋಡಣೆ ಮಾತ್ರ ಪ್ಯಾರಲಲ್ ಆಗಿರಬೇಕು. ಸ್ವಿಚ್ಚಿನಿಂದ ಬಂದ ಫೇಸ್ ತಂತಿಗೆ ಮೂರೂ ದೀಪಗಳ ಫೇಸ್, ನ್ಯೂಟ್ರಲ್‌ಗೆ ಮೂರರ ನ್ಯೂಟ್ರಲ್, ಅರ್ಥ್‌ಗೆ ಮೂರರ ಅರ್ಥ್. ಆಗ ಪ್ರತಿ ದೀಪಕ್ಕೂ ಪೂರ್ತಿ 230 ವೋಲ್ಟ್ ಸಿಗುತ್ತದೆ. ಒಂದು ಕೆಟ್ಟರೂ ಉಳಿದೆರಡು ಉರಿಯುತ್ತವೆ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದರೆ ಅದು ಸೀರೀಸ್. ಹಳೆಯ ಬಲ್ಬುಗಳಾದರೆ ತಲಾ ಸುಮಾರು 77 ವೋಲ್ಟ್ ಹಂಚಿಕೊಂಡು ಮಂಕಾಗಿ ಉರಿಯುತ್ತವೆ, ಎಲ್ಇಡಿಗಳು ಮಿಣುಕುತ್ತವೆ ಅಥವಾ ಉರಿಯುವುದೇ ಇಲ್ಲ. ಹಳೆಯ ದೀಪಾವಳಿ ಸರಗಳಲ್ಲಿ ಒಂದು ಬಲ್ಬು ಹೋದರೆ ಇಡೀ ಸರ ಆರುತ್ತಿದ್ದದ್ದು ಇದರಿಂದಲೇ.

ನಿಜವಾದ ತಕರಾರು ಹುಟ್ಟುವುದು ಜಾಯಿಂಟಿನಲ್ಲಿ. ಗೋಡೆಯ ದಪ್ಪ ತಂತಿಗೆ ದೀಪಗಳ ಮೂರು ಸಣ್ಣ ತಂತಿಗಳನ್ನು ಹೊಸೆದು, ಟೇಪು ಸುತ್ತಿ, ಫಾಲ್ಸ್ ಸೀಲಿಂಗಿನೊಳಗೆ ತುರುಕಿಬಿಡುವುದು ಎಲ್ಲೆಡೆ ನಡೆದೇ ಇದೆ. ನಮ್ಮ ಕಾಲೋನಿಗೆ ಸಮುದ್ರ ಹತ್ತಿರ. ಕಿಟಕಿ ಸರಳು, ಬಾಗಿಲ ಚಿಲಕ ಎಲ್ಲಕ್ಕೂ ತುಕ್ಕು ಹಿಡಿಸುವ ಉಪ್ಪುಗಾಳಿ ತಾಮ್ರವನ್ನೂ ಬಿಡುವುದಿಲ್ಲ. ತಂತಿ ಹಸಿರುಗಟ್ಟಿ ಹಿಡಿತ ಸಡಿಲವಾದಲ್ಲಿ ಬಿಸಿ ಹುಟ್ಟುತ್ತದೆ, ಕಿಡಿ ಹಾರುತ್ತದೆ. ಫ್ಯೂಸು, ಎಂಸಿಬಿಗಳಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಕರೆಂಟು ಮಿತಿ ಮೀರಿರುವುದಿಲ್ಲ. ಆದ್ದರಿಂದ ಮುಚ್ಚಳವಿರುವ ಜಂಕ್ಷನ್ ಬಾಕ್ಸ್ ಮತ್ತು ಲಿವರ್ ಒತ್ತಿ ಹಿಡಿಸುವ ಕನೆಕ್ಟರ್ ಕೇಳಿ. ತಂತಿಗೆ ಒಂದೊಂದರಂತೆ ಮೂರು ಕನೆಕ್ಟರ್, ಪ್ರತಿಯೊಂದಕ್ಕೂ ನಾಲ್ಕು ತೂತು ಬೇಕು: ಒಂದು ಗೋಡೆಯಿಂದ ಬಂದದ್ದಕ್ಕೆ, ಮೂರು ದೀಪಗಳಿಗೆ.

ಇಲ್ಲಿ ಭಾಷೆ ಅಡ್ಡಿಯಾಗದು. ಫೇಸು, ನ್ಯೂಟ್ರಲು, ಅರ್ಥು ತೆಲುಗಿನಲ್ಲೂ ಅವೇ. ನಮಗೆ ಕರೆಂಟು ಹೋಗುತ್ತದೆ, ಅವರಿಗೆ ಕರೆಂಟು 'ಪೋತುಂದಿ'. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿ ದಿನಗಟ್ಟಲೆ ಕತ್ತಲಲ್ಲಿ ಕೂತ ಊರು ಇದು. ಇನ್‌ವರ್ಟರ್ ಬಗ್ಗೆ ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೊಸ ದೀಪಗಳನ್ನು ಇನ್‌ವರ್ಟರ್ ಲೈನಿಗೆ ಹಾಕಿಸುವುದಾದರೆ ನ್ಯೂಟ್ರಲ್ಲೂ ಅದೇ ಲೈನಿನದಾಗಿರಲಿ. ಪಕ್ಕದ ಸರ್ಕ್ಯೂಟಿನಿಂದ ನ್ಯೂಟ್ರಲ್ ಕಡ ತಂದರೆ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತಿರುತ್ತದೆ. ಆಗ ಕೆಲವರು ಅದನ್ನೇ ಕಿತ್ತು ಹಾಕುತ್ತಾರೆ. ಶಾಕ್ ಹೊಡೆದಾಗ ಜೀವ ಉಳಿಸುವ 30 ಮಿಲಿಆಂಪಿಯರಿನ ಸಾಧನ ಅದು, ಕೀಳಲು ಬಿಡಬೇಡಿ.

ಸ್ವಿಚ್ಚು ಫೇಸ್ ತಂತಿಯ ಮೇಲೆಯೇ ಇರಬೇಕು. ನ್ಯೂಟ್ರಲ್ ಮೇಲಿದ್ದರೆ ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ಕರೆಂಟು ಉಳಿದಿರುತ್ತದೆ. ಆರಿಸಿದ ಎಲ್ಇಡಿ ರಾತ್ರಿ ಮಿಣಮಿಣ ಎನ್ನುತ್ತಿದ್ದರೆ ಮೊದಲು ಇದನ್ನೇ ಪರೀಕ್ಷಿಸಿ. ಹಳೆಯ ಮನೆಗಳ ಲೈಟ್ ಪಾಯಿಂಟಿನಲ್ಲಿ ಎರಡೇ ತಂತಿ ಇದ್ದು ಅರ್ಥ್ ಇಲ್ಲದಿರಬಹುದು. ಅಂಥಲ್ಲಿ ಹಿತ್ತಾಳೆ, ಕಬ್ಬಿಣದ ದೀಪ ಎಷ್ಟೇ ಚೆಂದವಿದ್ದರೂ ಬೇಡ. ಚೌಕದೊಳಗೆ ಚೌಕದ ಗುರುತಿರುವ ಡಬಲ್ ಇನ್ಸುಲೇಷನ್ ದೀಪ ಕೊಳ್ಳಿ.

ಭಾರ ತಂತಿಯ ಮೇಲೆ ಬೀಳಬಾರದು. ಉದ್ದನೆಯ ಒಂದೇ ಪಟ್ಟಿಯಿಂದ ಮೂರು ದೀಪ ಇಳಿಬಿಡುವ ಸೆಟ್ಟಾದರೆ ಬಾಡಿಗೆದಾರರಿಗೆ ಅನುಕೂಲ, ಸೀಲಿಂಗಿಗೆ ಎರಡೇ ತೂತು ಸಾಕು. ಅವು ಕಾಂಕ್ರೀಟಿಗೇ ಬೀಳಲಿ. ಜಿಪ್ಸಮ್ ಹಲಗೆಗೆ ಗಾಜಿನ ಬುರುಡೆ ನೇತುಹಾಕಿ ಅದರ ಕೆಳಗೆ ಮಕ್ಕಳನ್ನು ಊಟಕ್ಕೆ ಕೂರಿಸುವುದು ನನಗಂತೂ ಒಪ್ಪಿಗೆಯಿಲ್ಲ. ಮೇಜಿನಿಂದ ಸುಮಾರು ಎರಡೂವರೆ ಅಡಿ ಎತ್ತರವಿದ್ದರೆ ಎದುರಿನವರ ಮುಖ ಕಾಣುತ್ತದೆ. ಡ್ರಿಲ್ ಹಿಡಿಯುವ ಮೊದಲು ಮನೆ ಮಾಲೀಕರನ್ನು ಕೇಳಿ, ಬಿಚ್ಚಿದ ಹಳೆಯ ಹೋಲ್ಡರನ್ನು ಕವರಿಗೆ ಹಾಕಿ ಎತ್ತಿಡಿ. ಮನೆ ಬಿಡುವ ದಿನ ಅದು ಬೇಕಾಗುತ್ತದೆ.