ಜಪಾನೀ ಭಾಷೆಯೂ ನಮ್ಮ ತರುಣರೂ

ವಿದ್ಯೆಗಾಗಿ ಸಮುದ್ರ ದಾಟುವದೆಂದರೆ ಇಂಗ್ಲಂಡಕ್ಕೆ, ಇಲ್ಲವೆ ಅಮೇರಿಕೆಗೆ ಹೋಗುವದೆಂಬ ಭಾವನೆ ನಮ್ಮ ಸುಶಿಕ್ಷಿತರಲ್ಲಿ ಬಹುಕಾಲದಿಂದ ಬೇರೂರಿದೆ. ಕೆಲವು ವರ್ಷಗಳಿಂದೀಚೆಗೆ ತರುಣರ ದೃಷ್ಟಿ ಪೂರ್ವದಿಕ್ಕಿನತ್ತಲೂ ಹೊರಳತೊಡಗಿದೆ. ಹದಿನೆಂಟು ಇಪ್ಪತ್ತರ ವಯಸ್ಸಿನ ಹುಡುಗರೂ ಹುಡುಗಿಯರೂ ಜಪಾನೀ ಭಾಷೆಯನ್ನು ಅದರ ತವರಿನಲ್ಲಿಯೇ ಕಲಿಯಬೇಕೆಂದು ಹಂಬಲಿಸುವದು ಶುಭಲಕ್ಷಣವೇ ಸರಿ. 1898ರಷ್ಟು ಹಿಂದೆಯೇ ವಿಶ್ವೇಶ್ವರಯ್ಯನವರು ಜಪಾನಕ್ಕೆ ಹೋಗಿ ಆ ದೇಶದ ಏಳ್ಗೆಯನ್ನು ಕಣ್ಣಾರೆ ಕಂಡು ಬಂದಿದ್ದರು. ಅವರ ತರುವಾಯ ಜಪಾನವನ್ನು ಹೊಗಳಿದವರು ನಮ್ಮಲ್ಲಿ ಅನೇಕರು. ಆ ಜನರ ನುಡಿಯನ್ನು ಕಲಿತವರು ವಿರಳ. ಈ ಕೊರತೆ ತುಂಬಬೇಕಾದದ್ದೇ. ಆದರೆ ಹೊರಡುವ ಮೊದಲು ತರುಣರೂ ಅವರ ತಂದೆತಾಯಿಗಳೂ ವಿಚಾರ ಮಾಡಬೇಕಾದ ಕೆಲವು ಸಂಗತಿಗಳನ್ನು ಬಿಚ್ಚಿ ಹೇಳುವದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಕರೆಯುವವರಿಗೂ ತಮ್ಮವೇ ಆದ ಕಾರಣಗಳಿರುತ್ತವೆಂಬದನ್ನು ಮೊದಲು ಅರಿಯಬೇಕು. ಜಪಾನದಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ವರುಷದಿಂದ ವರುಷಕ್ಕೆ ಇಳಿಯುತ್ತಿದೆ. ಶಾಲೆಗಳಲ್ಲಿ ಸ್ಥಳ ತೆರವಾಗುತ್ತಿದೆ. ದುಡಿಯುವ ಕೈಗಳು ಸಾಲದಾಗಿವೆ. ಮೂರು ಲಕ್ಷ ವಿದೇಶೀ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳಬೇಕೆಂದು ಅಲ್ಲಿಯ ಸರಕಾರ 2008ರಲ್ಲಿ ಸಂಕಲ್ಪಿಸಿತು. 2019ರ ಹೊತ್ತಿಗೆ ಆ ಸಂಖ್ಯೆಯನ್ನು ದಾಟಿಯೂ ಆಯಿತು. 2033ರ ಒಳಗಾಗಿ ಅದನ್ನು ನಾಲ್ಕು ಲಕ್ಷಕ್ಕೆ ಏರಿಸಬೇಕೆಂದು 2023ರಲ್ಲಿ ಹೊಸ ಗುರಿಯನ್ನಿಟ್ಟುಕೊಂಡಿತು. ಇದರಲ್ಲಿ ದೋಷವೇನೂ ಇಲ್ಲ. ಆದರೆ ಬಾ ಎಂದು ಕರೆದವರು ನಮ್ಮ ತರುಣನನ್ನು ವಿದ್ಯಾರ್ಥಿಯೆಂದು ಕರೆದರೋ, ಕೂಲಿಯೆಂದು ಕರೆದರೋ ಎಂಬದನ್ನು ನಾವೇ ವಿವೇಚಿಸಿಕೊಳ್ಳಬೇಕಾಗಿದೆ.

ಪರದೇಶದ ಭಾಷೆಯನ್ನು ಕಲಿಯಲು ಹೋಗಿ ಸ್ವದೇಶಕ್ಕೆ ಉಪಕಾರ ಮಾಡಿದವರ ಉದಾಹರಣೆ ಜಪಾನದ ಇತಿಹಾಸದಲ್ಲಿಯೇ ದೊರೆಯುತ್ತದೆ. 1902ರಲ್ಲಿ ಚೀನದ ಇಪ್ಪತ್ತು ವಯಸ್ಸಿನ ತರುಣನೊಬ್ಬ ತನ್ನ ಸರಕಾರದ ವಿದ್ಯಾರ್ಥಿವೇತನದ ಮೇಲೆ ಟೋಕಿಯೊ ನಗರಕ್ಕೆ ಬಂದನು. ಜುಡೋ ವಿದ್ಯೆಯ ಪ್ರವರ್ತಕರಾದ ಕಾನೋ ಜಿಗೊರೋ ಅವರು ಚೀನೀ ವಿದ್ಯಾರ್ಥಿಗಳಿಗಾಗಿ ನಡೆಸುತ್ತಿದ್ದ ಕೋಬುನ್ ಶಾಲೆಯಲ್ಲಿ ಎರಡು ವರುಷ ಜಪಾನೀ ಭಾಷೆಯನ್ನು ಅಭ್ಯಾಸ ಮಾಡಿದನು. ಬಂದ ಮರುವರ್ಷವೇ ಫ್ರಾನ್ಸಿನ ಜೂಲ್ ವೆರ್ನನ ಚಂದ್ರಯಾನದ ಕಥೆಯನ್ನು ಜಪಾನಿಯಿಂದ ಚೀನೀ ಭಾಷೆಗೆ ತಿರುಗಿಸಿದನು. 1904ರಲ್ಲಿ ದೂರದ ಸೆಂದಾಯ್ ಊರಿನ ವೈದ್ಯಶಾಲೆಯನ್ನು ಸೇರಿದನು. ಅಲ್ಲಿ ಅವನೊಬ್ಬನೇ ಚೀನೀ ವಿದ್ಯಾರ್ಥಿ. ಶರೀರಶಾಸ್ತ್ರದ ಅಧ್ಯಾಪಕರಾಗಿದ್ದ ಫುಜಿನೋ ಅವರು ಈ ಪರದೇಶಿಯ ಟಿಪ್ಪಣಿಗಳನ್ನು ತರಿಸಿಕೊಂಡು, ಬಿಟ್ಟುಹೋದ ವಿಷಯವನ್ನಷ್ಟೇ ಅಲ್ಲದೆ ವ್ಯಾಕರಣದ ತಪ್ಪುಗಳನ್ನೂ ಕೆಂಪು ಮಸಿಯಿಂದ ತಿದ್ದಿ ಕೊಡುತ್ತಿದ್ದರು. ಆ ತರುಣನೇ ಮುಂದೆ ಲೂ ಶುನ್ ಎಂಬ ಹೆಸರಿನಿಂದ ಆಧುನಿಕ ಚೀನೀ ಸಾಹಿತ್ಯದ ಅಗ್ರಗಣ್ಯ ಲೇಖಕನಾದನು. ವೈದ್ಯಕೀಯವನ್ನು 1906ರಲ್ಲಿಯೇ ಅರ್ಧಕ್ಕೆ ಬಿಟ್ಟರೂ ಭಾಷೆಯನ್ನು ಬಿಡಲಿಲ್ಲ, ಗುರುವನ್ನೂ ಮರೆಯಲಿಲ್ಲ. ಇಪ್ಪತ್ತು ವರುಷಗಳ ತರುವಾಯ, 1926ರಲ್ಲಿ, ಫುಜಿನೋ ಅವರ ಮೇಲೆ ಬರೆದ ಲೇಖನವನ್ನು ಇಂದಿಗೂ ಎರಡೂ ದೇಶಗಳ ಜನ ಆದರದಿಂದ ಓದುತ್ತಾರೆ.

ಈ ವೃತ್ತಾಂತದಲ್ಲಿ ಮೂರು ಅಂಶಗಳನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಆ ತರುಣನ ತಲೆಯ ಮೇಲೆ ದಲ್ಲಾಳಿಯ ಸಾಲವಿರಲಿಲ್ಲ. ಭಾಷೆಗೆಂದೇ ಎರಡು ವರುಷಗಳ ಅವಕಾಶ ದೊರೆತಿತ್ತು. ಸ್ವದೇಶೀಯರ ಗುಂಪನ್ನು ಬಿಟ್ಟು ಜಪಾನೀಯರ ನಡುವೆ ಬಾಳುವ ಧೈರ್ಯವೂ ಅವನಲ್ಲಿತ್ತು. ಈ ಮೂರರಲ್ಲಿ ಮೊದಲನೆಯದು ತಪ್ಪಿದರೆ ಉಳಿದೆರಡೂ ತಾವಾಗಿಯೇ ತಪ್ಪುತ್ತವೆಂಬದು ನಮ್ಮ ಅಭಿಪ್ರಾಯ.

ಇನ್ನು ಭಾಷೆಯ ಮಾತು. ಕನ್ನಡಿಗನಿಗೆ ಜಪಾನಿಯ ವಾಕ್ಯರಚನೆ ತೀರ ಅಪರಿಚಿತವೆನಿಸಲಾರದು. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ ಎಂಬ ಕ್ರಮ ಅಲ್ಲಿಯೂ ಉಂಟು. ವಿಭಕ್ತಿಯನ್ನು ಸೂಚಿಸುವ ಶಬ್ದಗಳು ನಾಮಪದದ ನಂತರವೇ ಬರುತ್ತವೆ. ಮನೆಯಿಂದ ಹೊರಡುವವನು ಅಲ್ಲಿ ‘ಇತ್ತೆ ಕಿಮಾಸು’ ಎನ್ನುತ್ತಾನೆ. ಅದರ ಶಬ್ದಶಃ ಅರ್ಥ ‘ಹೋಗಿ ಬರುತ್ತೇನೆ’ ಎಂದೇ. ಕಾನಾ ಅಕ್ಷರಗಳ ಸರಣಿಯು ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ ಎಂದು ಸಾಗುತ್ತದೆ. ಬೌದ್ಧಭಿಕ್ಷುಗಳ ಮುಖಾಂತರ ಅಲ್ಲಿಗೆ ತಲುಪಿದ ಸಂಸ್ಕೃತ ವರ್ಣಮಾಲೆಯ ಅಭ್ಯಾಸದ ಫಲವಿದೆಂದು ವಿದ್ವಾಂಸರ ಮತ. ಹಿರಿಯರೊಡನೆ, ಸರೀಕರೊಡನೆ, ಕಿರಿಯರೊಡನೆ ಬೇರೆ ಬೇರೆ ಕ್ರಿಯಾರೂಪಗಳನ್ನು ಬಳಸುವ ಅವರ ಮರ್ಯಾದೆಯು ನಮ್ಮ ನೀನು, ನೀವು, ತಾವುಗಳಿಗಿಂತ ಸೂಕ್ಷ್ಮವಾದರೂ ಅದರ ಹುರುಳು ನಮಗೆ ತಿಳಿಯದ್ದಲ್ಲ.

ತೊಡಕು ಇರುವದು ಲಿಪಿಯಲ್ಲಿ. ಹಿರಗಾನಾ ಮತ್ತು ಕತಕಾನಾ ಎಂಬ ಎರಡು ಬಗೆಯ ಅಕ್ಷರಗಳು, ತಲಾ 46. ಇವನ್ನು ಶ್ರದ್ಧೆಯಿದ್ದವನು ಒಂದೆರಡು ತಿಂಗಳಲ್ಲಿ ಕಲಿಯಬಹುದು. ಚೀನದಿಂದ ಬಂದ ಕಾಂಜಿ ಎಂಬ ಚಿಹ್ನೆಗಳ ಪಾಡು ಹಾಗಲ್ಲ. ನಿತ್ಯದ ಬಳಕೆಗೆಂದು 2010ರಲ್ಲಿ ಪರಿಷ್ಕರಿಸಿದ ಸರಕಾರೀ ಪಟ್ಟಿಯಲ್ಲಿ ಅವುಗಳ ಸಂಖ್ಯೆ 2136. ಹಲವಕ್ಕೆ ಚೀನೀ ಮೂಲದ ಉಚ್ಚಾರ ಒಂದು, ದೇಶೀಯ ಉಚ್ಚಾರ ಇನ್ನೊಂದು, ಸಂದರ್ಭವನ್ನರಿತು ಓದಬೇಕು. ಪ್ರಾಥಮಿಕ ಶಾಲೆಯ ಆರು ವರುಷಗಳಲ್ಲಿ ಜಪಾನೀ ಮಕ್ಕಳೇ ಕಲಿಯುವ ಕಾಂಜಿಗಳು 1026. ಅವರ ಮನೆಮಾತೂ ಅದೇ, ಬೀದಿಯ ಮಾತೂ ಅದೇ. ಹೀಗಿರುವಾಗ ಪರನಾಡಿನ ತರುಣನಿಗೆ ಹೆಚ್ಚೆಂದರೆ ಎರಡು ವರುಷಗಳ ಭಾಷಾಶಾಲೆಯ ಅವಧಿಯಲ್ಲಿ ಒಂದು ತಾಸೂ ವ್ಯರ್ಥವಾಗಕೂಡದೆಂಬದು ಸ್ಪಷ್ಟ.

ಈ ತಾಸುಗಳು ಹೇಗೆ ವೆಚ್ಚವಾಗುತ್ತವೆ? ಭಾಷಾಶಾಲೆಯ ಪಾಠ ವಾರಕ್ಕೆ ಸುಮಾರು 20 ತಾಸು. ಪರವಾನಗಿ ಪಡೆದ ವಿದ್ಯಾರ್ಥಿಯು ದುಡಿಯಲು ಅಲ್ಲಿಯ ಕಾನೂನು ಕೊಟ್ಟಿರುವ ಮಿತಿ ವಾರಕ್ಕೆ 28 ತಾಸು. ದೀರ್ಘ ರಜೆಯಲ್ಲಿ ದಿನಕ್ಕೆ 8 ತಾಸು. ಈ ಅಂಕಿಗಳನ್ನು ಎದುರೆದುರಿಗಿಟ್ಟು ನೋಡಿದವರಿಗೆ ಬೇರೆ ವಿವರಣೆ ಬೇಕಾಗದು. ಕಲಿಯಹೋದವನು ಕಲಿಯುವದಕ್ಕಿಂತ ಹೆಚ್ಚು ಹೊತ್ತು ದುಡಿಯಬಹುದು. ಸಾಲದ ಹೊರೆಯುಳ್ಳವನು ದುಡಿದೇ ತೀರಬೇಕು. ಅಂಗಡಿಯಲ್ಲಿ ಗಿರಾಕಿಗಳೊಡನೆ ಮಾತನಾಡುವ ಕೆಲಸ ಸಿಕ್ಕರೆ ಅದೂ ಒಂದು ಪಾಠವೇ. ದುಡಿಮೆಯನ್ನು ನಾವು ಹಳಿಯುವವರಲ್ಲ. ಆದರೆ ಮಾತು ಬಾರದವನಿಗೆ ಸಿಗುವದು ಮಾತು ಬೇಡದ ಕೆಲಸವೇ. ಕಾರಖಾನೆಯಲ್ಲಿ ರಾತ್ರಿಯಿಡೀ ಬುತ್ತಿಯ ಡಬ್ಬಿಗಳನ್ನು ತುಂಬಿ, ಗೋದಾಮಿನಲ್ಲಿ ಗಂಟುಗಳನ್ನು ಎತ್ತಿಟ್ಟು, ಬೆಳಗಿನ ಪಾಠಕ್ಕೆ ಬಂದು ತೂಕಡಿಸುವವನಿಗೆ ಯಾವ ಭಾಷೆ ಬಂದೀತು? ಭಾಷೆ ಬಾರದ್ದರಿಂದ ಕಾಲೇಜು ದೊರೆಯದು, ಒಳ್ಳೆಯ ನೌಕರಿಯೂ ದೊರೆಯದು. 28 ತಾಸಿನ ಮಿತಿಯನ್ನು ಮೀರಿದ್ದು ಬಯಲಾದರೆ ವಾಸದ ಪರವಾನಗಿಗೂ ಕುತ್ತು. ನೇಪಾಳ, ವಿಯೆಟ್ನಾಂ ಮೊದಲಾದ ದೇಶಗಳಿಂದ ದಲ್ಲಾಳಿಗಳಿಗೆ ಹಣ ತೆತ್ತು ಹೋದ ಅನೇಕ ತರುಣರು ಈ ಸುಳಿಯಲ್ಲಿ ಸಿಲುಕಿದ್ದಾರೆ. ಟೋಕಿಯೊ ನಗರದ ಒಂದೇ ವಿಶ್ವವಿದ್ಯಾಲಯದಿಂದ ಮೂರು ವರುಷಗಳಲ್ಲಿ ಸುಮಾರು 1,600 ವಿದೇಶೀ ವಿದ್ಯಾರ್ಥಿಗಳು ಎಲ್ಲಿ ಹೋದರೆಂಬದೇ ಗೊತ್ತಿಲ್ಲವೆಂಬ ಸುದ್ದಿ 2019ರಲ್ಲಿ ಹೊರಬಿದ್ದಾಗ ಜಪಾನೀ ಸರಕಾರವೇ ಬೆಚ್ಚಿಬಿದ್ದಿತು.

ಆದ್ದರಿಂದ ನಮ್ಮ ಸೂಚನೆಗಳಿಷ್ಟು. ಜಪಾನೀ ಭಾಷೆಯ ಕಲಿಕೆಯನ್ನು ಜಪಾನದಲ್ಲಿ ಆರಂಭಿಸದೆ ಇಲ್ಲಿಯೇ ಆರಂಭಿಸಬೇಕು. 1984ರಲ್ಲಿ ಮೊದಲಾದ ಭಾಷಾಸಾಮರ್ಥ್ಯ ಪರೀಕ್ಷೆಗೆ 2010ರಿಂದ ಐದು ಮೆಟ್ಟಲುಗಳಿವೆ. ಎನ್-5 ಎಲ್ಲಕ್ಕೂ ಕೆಳಗಿನದು, ಎನ್-1 ಎಲ್ಲಕ್ಕೂ ಮೇಲಿನದು. ಬೆಂಗಳೂರು, ಪುಣೆ, ಚೆನ್ನೈ ಮೊದಲಾದ ಊರುಗಳಲ್ಲಿಯೇ ಈ ಪರೀಕ್ಷೆಗೆ ಕೂಡ್ರಬಹುದು. ಎನ್-5ರಲ್ಲಿ ತೇರ್ಗಡೆಯಾದೊಡನೆ ಹೊರಡುವ ಆತುರ ಬೇಡ. ಎನ್-4ನ್ನಾದರೂ, ಸಾಧ್ಯವಾದರೆ ಎನ್-3ನ್ನು, ಮನೆಯಲ್ಲಿದ್ದೇ ಮುಗಿಸಿದವನಿಗೆ ಅಲ್ಲಿಯ ಮೊದಲನೆಯ ದಿನದಿಂದಲೇ ಬಾಯಿ ತೆರೆದೀತು.

ಎರಡನೆಯದಾಗಿ, ಸಾಲಕ್ಕೆ ಮೊದಲು ವಿದ್ಯಾರ್ಥಿವೇತನವನ್ನು ಅರಸಬೇಕು. 1954ರಲ್ಲಿ ಆರಂಭವಾದ ಜಪಾನೀ ಸರಕಾರದ ವಿದ್ಯಾರ್ಥಿವೇತನಕ್ಕೆ ರಾಯಭಾರ ಕಚೇರಿಯ ಮುಖಾಂತರ ಅರ್ಜಿ ಹಾಕಬಹುದು. ಪದವಿ ತರಗತಿಗೆ ಹಾಗೆ ಆಯ್ಕೆಯಾದವರಿಗೆ ಮೊದಲಿನ ಒಂದು ವರುಷ ಭಾಷಾಶಿಕ್ಷಣವೇ ಮುಖ್ಯ. ಸ್ವಂತ ವೆಚ್ಚದಿಂದ ಹೋಗುವವರು ಒಂದು ವರುಷದ ಶುಲ್ಕವನ್ನೂ ಊಟ ವಸತಿಯ ಖರ್ಚನ್ನೂ ಕೂಡಿಸಿಟ್ಟುಕೊಂಡೇ ಹೊರಡಲಿ. ಅಲ್ಲಿಗೆ ಹೋಗಿ ದುಡಿದು ತೀರಿಸಬಹುದೆಂದು ದಲ್ಲಾಳಿ ಹಾಕಿ ತೋರಿಸುವ ಲೆಕ್ಕವನ್ನು ನಂಬಿ ಹೊಲ ಮನೆ ಒತ್ತೆ ಇಡುವ ತಂದೆತಾಯಿಗಳು ಮಗನ ವಿದ್ಯೆಯನ್ನೇ ಒತ್ತೆ ಇಟ್ಟಂತಾಗುವದು.

ಮೂರನೆಯದಾಗಿ, ಶಾಲೆಯನ್ನು ವಿಚಾರಿಸಿ ಆರಿಸಬೇಕು. 2024ರ ಎಪ್ರಿಲಿನಿಂದ ಜಾರಿಗೆ ಬಂದ ಕಾನೂನಿನ ಮೇರೆಗೆ ಅಲ್ಲಿಯ ಭಾಷಾಶಾಲೆಗಳಿಗೆ ಶಿಕ್ಷಣ ಮಂತ್ರಿಗಳ ಮಾನ್ಯತೆಯ ಪದ್ಧತಿ ಏರ್ಪಟ್ಟಿದೆ. ಶಿಕ್ಷಕರ ಅರ್ಹತೆಗೂ ರಾಷ್ಟ್ರೀಯ ಪರೀಕ್ಷೆ ನಿಯತವಾಗಿದೆ. ಈ ಮಾನ್ಯತೆ ಆ ಶಾಲೆಗೆ ದೊರೆತಿದೆಯೇ, ಅಲ್ಲಿ ಕಲಿತವರು ಮುಂದೆ ಯಾವ ಕಾಲೇಜುಗಳನ್ನು ಸೇರಿದರು ಎಂದು ಕೇಳುವ ಹಕ್ಕು ಹಣ ತೆರುವವರಿಗಿದೆ. ಉತ್ತರ ಕೊಡಲು ಹಿಂಜರಿಯುವ ಶಾಲೆಯನ್ನೂ ಮಧ್ಯಸ್ಥನನ್ನೂ ದೂರವಿಡುವದೇ ಲೇಸು.

ನಮ್ಮ ಸರಕಾರಕ್ಕೂ ವಿಶ್ವವಿದ್ಯಾಲಯಗಳಿಗೂ ಇಲ್ಲಿ ಹೊಣೆಯಿದೆ. ಜಿಲ್ಲೆಯ ಮುಖ್ಯ ಊರಿನಲ್ಲಿ ಒಂದೊಂದು ಕಾಲೇಜಾದರೂ ಸಂಜೆಯ ಹೊತ್ತು ಜಪಾನಿಯನ್ನು ಕಡಿಮೆ ಶುಲ್ಕದಲ್ಲಿ ಕಲಿಸಿದರೆ ದಲ್ಲಾಳಿಗಳ ಅಂಗಡಿ ಅರ್ಧ ಮುಚ್ಚೀತು. ಬಿಡದಿಯಲ್ಲಿ ಜಪಾನೀಯರ ಸಹಯೋಗದಿಂದ ಮೋಟಾರು ಕಾರಖಾನೆ ಎದ್ದು ಕಾಲು ಶತಮಾನ ಕಳೆದಿದೆ. ಇಷ್ಟಾದರೂ ಕನ್ನಡ ಮತ್ತು ಜಪಾನೀ ಭಾಷೆಗಳೆರಡನ್ನೂ ಬಲ್ಲ ದುಭಾಷಿಗಳೂ ಅನುವಾದಕರೂ ನಮಗೆ ಸಾಕಷ್ಟಿಲ್ಲ. ಹೋಗುವ ತರುಣರು ಅವಶ್ಯವಾಗಿ ಹೋಗಲಿ. ಸಾಲ ತೀರಿಸುವ ಚಿಂತೆಯನ್ನು ಹೊತ್ತು ಹೋಗದೆ ಭಾಷೆ ಕಲಿಯುವ ಛಲವನ್ನು ಹೊತ್ತು ಹೋಗಲಿ. ಅದಕ್ಕೆ ಬೇಕಾದ ತಳಹದಿಯನ್ನು ಈ ನೆಲದಲ್ಲಿಯೇ ಹಾಕಿ ಕಳಿಸುವದು ಹಿರಿಯರಾದ ನಮ್ಮೆಲ್ಲರ ಕೆಲಸ.