ಚಳಿಯೇ ಕೊಲ್ಲುವ ಕಡೆ ಬಂದೂಕೇಕೆ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನವೆಂಬರ್ ಕೊನೆಯ ಒಂಬತ್ತು ದಿನಗಳ ದೊಡ್ಡ ಬೇಟೆ ಮುಗಿದರೂ ಜಿಂಕೆಗಳಿಗೆ ಬಿಡುವಿಲ್ಲ. ಬಾಯಿಯ ಕಡೆಯಿಂದ ಮದ್ದು ತುಂಬುವ ಹಳೆಯ ಮಾದರಿಯ ಬಂದೂಕಿಗೆ ಮತ್ತೆ ಹತ್ತು ದಿನ, ಬಿಲ್ಲು ಬಾಣಕ್ಕೆ ಜನವರಿಯವರೆಗೆ ಅವಕಾಶ. ದಕ್ಷಿಣದ ಬೇಸಾಯದ ಸೀಮೆಯ ಹಲವು ಕೌಂಟಿಗಳಲ್ಲಿ ಡಿಸೆಂಬರ್ 24ರಿಂದ ಜನವರಿ 1ರವರೆಗೆ ಕೊಂಬಿಲ್ಲದ ಜಿಂಕೆಗಳಿಗೆಂದೇ ಇನ್ನೊಂದು ಸುತ್ತು. ಕೊರೆಯುವ ಚಳಿಯಲ್ಲಿ ಜೀವ ಹಿಡಿದುಕೊಂಡಿರುವ ಪ್ರಾಣಿಯನ್ನು ಕೊಲ್ಲುವುದು ಸರಿಯೇ ಎಂಬ ಪ್ರಶ್ನೆಗೆ ಇಡೀ ರಾಜ್ಯಕ್ಕೆ ಒಂದೇ ಉತ್ತರ ಸಾಲದು. ಚಳಿ ಕೊಲ್ಲದ ಕಡೆ ಈ ತಡವಾದ ಬೇಟೆ ಬೇಕು; ಚಳಿಯೇ ಕೊಲ್ಲುವ ಕಡೆ ಅದು ನಿಲ್ಲಬೇಕು ಎಂಬುದು ನನ್ನ ವಾದ.

ಉತ್ತರದ ಕಾಡುಗಳನ್ನೇ ನೋಡಿ. ಬಿಳಿಬಾಲದ ಜಿಂಕೆ ಚಳಿಗಾಲವನ್ನು ದಾಟುವುದು ಮೇವಿನಿಂದಷ್ಟೇ ಅಲ್ಲ, ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೂ. ಆಗ ಸಿಗುವ ಒಣ ರೆಂಬೆ, ಮೊಗ್ಗುಗಳಲ್ಲಿ ಕಸುವಿಲ್ಲ. ನವೆಂಬರಿನ ಬೆದೆಯಲ್ಲಿ ಅಲೆದಾಡಿದ ಗಂಡುಗಳು ಹಿಮ ಬೀಳುವ ಹೊತ್ತಿಗೇ ಸೊರಗಿರುತ್ತವೆ. ಮರಿಗಳ ಮೈಯಲ್ಲಿ ಮೊದಲೇ ಕೊಬ್ಬು ಕಡಿಮೆ. ಆದ್ದರಿಂದ ಜಿಂಕೆಗಳು ಸೀಡರ್, ಹೆಮ್ಲಾಕ್ ಮರಗಳ ದಟ್ಟ ನೆರಳಲ್ಲಿ ಗುಂಪುಗೂಡಿ, ತುಳಿದು ಗಟ್ಟಿಯಾದ ದಾರಿಗಳಲ್ಲಷ್ಟೇ ಓಡಾಡುತ್ತ ದಿನ ನೂಕುತ್ತವೆ. ಅಲ್ಲಿಗೆ ಬೇಟೆಗಾರ ಕಾಲಿಟ್ಟರೆ ಒಂದು ಜಿಂಕೆ ಸತ್ತು ವಿಷಯ ಮುಗಿಯುವುದಿಲ್ಲ. ಎದೆಮಟ್ಟದ ಹಿಮದಲ್ಲಿ ಬೆದರಿ ಓಡಿದ ಉಳಿದವು ವಸಂತದವರೆಗೆ ಮರಳಿ ಸಿಗದ ಕೊಬ್ಬನ್ನು ಕರಗಿಸಿಕೊಂಡಿರುತ್ತವೆ. ಬೇಟೆಯ ನಿಯಮ ಮಾಡುವ ರಾಜ್ಯದ ಇಲಾಖೆಗೆ ಇದು ಗೊತ್ತಿಲ್ಲದ್ದೇನಲ್ಲ. ಡಿಸೆಂಬರ್‌ನಿಂದ ಏಪ್ರಿಲ್ ಕೊನೆಯವರೆಗೆ, ನೆಲದ ಮೇಲೆ 18 ಇಂಚು ಹಿಮವಿದ್ದ ದಿನಕ್ಕೊಂದು, ತಾಪಮಾನ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ದಿನಕ್ಕೊಂದು ಅಂಕ ಕೂಡಿಸಿ ಅದು ಚಳಿಗಾಲದ ತೀವ್ರತೆಯನ್ನು ಅಳೆಯುತ್ತದೆ. 2013–14ರ ಭೀಕರ ಚಳಿಗಾಲದ ನಂತರ ಉತ್ತರದ ಅನೇಕ ಕೌಂಟಿಗಳಲ್ಲಿ ಹೆಣ್ಣು ಜಿಂಕೆಯ ಬೇಟೆಗೆ ತಡೆ ಬಿತ್ತು. ಆದರೆ ಆ ತಡೆ ಬಂದದ್ದು ಮುಂದಿನ ಋತುವಿಗೆ. ಅಳತೆ ಕೈಯಲ್ಲಿರುವಾಗ ಅದೇ ಚಳಿಗಾಲದಲ್ಲೇ ಬೇಟೆ ನಿಲ್ಲಿಸಲು ಅಡ್ಡಿಯೇನು?

ದಕ್ಷಿಣದ ಸ್ಥಿತಿ ತಿರುವುಮುರುವು. ಕೊಯ್ಲಾದ ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ಉಳಿದ ಕಾಳು ತಿಂದು ಜಿಂಕೆಗಳು ಚಳಿಗಾಲವನ್ನು ಸುಲಭವಾಗಿ ದಾಟುತ್ತವೆ. ವಸಂತದ ಕೊನೆಗೆ ಹೆಣ್ಣುಗಳು ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತವೆ. ಅವು ಸವರಿದ ಕಾಡಿನಲ್ಲಿ ಓಕ್ ಸಸಿ ಮೇಲೇಳುವುದೇ ಕಷ್ಟ. 2002ರಲ್ಲಿ ಈ ರಾಜ್ಯದಲ್ಲಿ ಪತ್ತೆಯಾದ, ಜಿಂಕೆಯ ಮಿದುಳನ್ನು ಕೊರೆಯುವ ಸಿಡಬ್ಲ್ಯೂಡಿ ರೋಗಕ್ಕೆ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ; ಜಿಂಕೆಗಳು ಕಿಕ್ಕಿರಿದಷ್ಟೂ ಅದು ಹಬ್ಬಲು ಅನುಕೂಲ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದರಿಂದ ಕೊಂಬಿನ ಜಿಂಕೆಗಳನ್ನಷ್ಟೇ ಹೊಡೆದರೆ ಹುಟ್ಟು ತಗ್ಗುವುದಿಲ್ಲ. ಪರಿಸರ ಚಿಂತಕ ಆಲ್ಡೋ ಲಿಯೋಪೋಲ್ಡ್ 1940ರ ದಶಕದಲ್ಲೇ ಇದನ್ನು ವಾದಿಸಿದರು. 1943ರಲ್ಲಿ ಹೆಣ್ಣು ಜಿಂಕೆಯ ಬೇಟೆಗೆ ಅನುಮತಿ ಸಿಕ್ಕಾಗ ಜನ ಕೆರಳಿದರು. ಡಿಸೆಂಬರಿನಲ್ಲಿ ಹೆಣ್ಣುಗಳು ಗಬ್ಬವಾಗಿರುತ್ತವೆ ಎಂಬ ಆಕ್ಷೇಪ ಮನಸ್ಸಿಗೆ ನಾಟುವಂಥದ್ದು, ನಿಜ. ಆದರೆ ನವೆಂಬರಿನಲ್ಲಿ ಸತ್ತ ಹೆಣ್ಣೂ ಮುಂದಿನ ವಸಂತಕ್ಕೆ ಮರಿ ಹಾಕುತ್ತಿರಲಿಲ್ಲ. ಸಂತತಿಯ ಲೆಕ್ಕದಲ್ಲಿ ಎರಡೂ ಒಂದೇ. ಹಸಿದು ಹೊಲಕ್ಕೆ ಬಂದ ಪ್ರಾಣಿಗೆ ಗುರಿಯಿಡುವುದು ಅನ್ಯಾಯ ಎನ್ನುವವರು ಇದನ್ನೂ ಯೋಚಿಸಬೇಕು: ಬಯಲಲ್ಲಿ ನಿಂತು ಮೇಯುವ ಜಿಂಕೆಗೆ ಗುರಿ ತಪ್ಪುವ ಸಂಭವ ಕಡಿಮೆ, ಗಾಯಗೊಂಡು ಓಡಿದರೂ ಹಿಮದಲ್ಲಿ ಜಾಡು ಸಿಗುತ್ತದೆ. ಗುರಿಗಾರನ ಬೆರಳು ಮರಗಟ್ಟಿದ್ದರೆ ಮಾತ್ರ ಈ ಮಾತು ನಿಲ್ಲದು. ಅಂಥವನು ಬಂದೂಕು ಕೆಳಗಿಡಬೇಕು.

ಇದನ್ನೆಲ್ಲ ಪ್ರಕೃತಿಗೇ ಬಿಡಬಾರದೇ ಎಂದು ನಮ್ಮ ಓದುಗರು ಕೇಳುವುದು ಸಹಜ. ಬಂಡೀಪುರದ ಜಿಂಕೆಗೆ ಹುಲಿ, ಚಿರತೆ, ಸೀಳುನಾಯಿಗಳಿವೆ. ಹಾಗಾಗಿ ಬೇಟೆಯ ಮೇಲೆ 1972ರ ವನ್ಯಜೀವಿ ಕಾಯ್ದೆ ಹೇರಿರುವ ಬಿಗಿ ನಮಗೆ ಸರಿಯಾದದ್ದೇ. ಆದರೆ ವಿಸ್ಕಾನ್ಸಿನ್‌ನಲ್ಲಿ ಮನುಷ್ಯ ಇಪ್ಪತ್ತನೇ ಶತಮಾನದಲ್ಲಿ ತೋಳವನ್ನು ನಿರ್ನಾಮ ಮಾಡಿದ. ಅದು ಮರಳಿ ಬಂದು ನೆಲೆಯೂರಿರುವುದು ಬಹುಪಾಲು ಉತ್ತರದಲ್ಲಿ; ಬೇಟೆಗಾರ ಅಲ್ಲಿ ಹಿಂದೆ ಸರಿಯಲು ಇದು ಇನ್ನೊಂದು ಕಾರಣ. ಆ ರಾಜ್ಯದ ಕೌಂಟಿಗಳಲ್ಲಿ ಜಿಂಕೆ ಸಲಹಾ ಮಂಡಳಿಗಳಿವೆ, ಅವು ಸಾರ್ವಜನಿಕರ ಅಭಿಪ್ರಾಯ ಕೇಳುತ್ತವೆ. ಅಲ್ಲಿ ನೆಲೆಸಿರುವ ಕನ್ನಡಿಗರು ಬೇಟೆ ತಮ್ಮ ಸಂಗತಿಯಲ್ಲ ಎಂದು ಸುಮ್ಮನಿರದೆ, ಹಿಮ 18 ಇಂಚು ದಾಟಿದ ದಿನವೇ ಉತ್ತರದ ಕಾಡುಗಳಲ್ಲಿ ಬೇಟೆ ನಿಲ್ಲಿಸಿ ಎಂದು ಬರೆದು ತಿಳಿಸಲಿ.