ಬಕೆಟ್ಟಿನಲ್ಲೇ ಸಾಯುವ ಸಿಗಡಿಗೆ ಕೆಂಬೇರಿ ಬರುವುದಿಲ್ಲ

ನೇತ್ರಾವತಿಯ ಅಳಿವೆಯಲ್ಲಿ ಗಾಳ ಹಾಕುವ ಹುಚ್ಚು ನಮ್ಮವರಿಗೆ ಹೊಸತಲ್ಲ. ಹೊಸತು ಅಂದರೆ ಕಯಾಕ್. ಮಸ್ಕತ್ ಬಿಟ್ಟು ಊರಿಗೆ ಬಂದ ಭಾವ ಒಂದನ್ನು ಕೊಂಡ ಮೇಲೆ ನಾವೂ ಹುಟ್ಟು ಹಿಡಿದೆವು. ದೋಣಿಯಲ್ಲಾದರೆ ಜಾಗ ಧಾರಾಳ. ಕಯಾಕ್‌ನಲ್ಲಿ ಒಬ್ಬರೇ, ಬೆನ್ನ ಹಿಂದೆ ಒಂದು ಬಕೆಟ್, ಮೇಲೆ ಸುಡುವ ಬಿಸಿಲು. ಎರೆ ಸಾಯುವುದು ಇಲ್ಲಿಯೇ.

ಮೊದಲ ದಿನದ ಕಥೆ ಹೇಳಲೇಬೇಕು. ಕಡವಿನ ಹತ್ತಿರದ ಕಾಕ ಒಬ್ಬರು ನಸುಕಿನಲ್ಲಿ ಬೀಸುಬಲೆ ಹಾಕಿ ಹಿಡಿದ 40 ಜೀವಂತ ಸಿಗಡಿ ಕೊಟ್ಟಿದ್ದರು. ಅವರ ಮನೆ ನಡೆಯುವುದೇ ಆ ಬಲೆಯಿಂದ. ನಾವು ಸಣ್ಣ ಬಕೆಟ್‌ನಲ್ಲಿ ಮನೆಯ ನಳ್ಳಿ ನೀರು ತಂದು ಅಷ್ಟನ್ನೂ ಸುರಿದೆವು. ತಂಪಾಗಲಿ ಅಂತ ಐಸ್ ತುಂಡು ಬೇರೆ! ಅರ್ಧ ಗಂಟೆಯೊಳಗೆ ಎಲ್ಲ ಬೆಳ್ಳಗಾಗಿ ಅಡ್ಡಬಿದ್ದವು. ಗಾಳಕ್ಕೆ ಚುಚ್ಚಿದ ಸತ್ತ ಸಿಗಡಿಯನ್ನು ಏಡಿಗಳು ಕಿತ್ತು ತಿಂದವು, ಕೆಂಬೇರಿ ಹತ್ತಿರವೂ ಬರಲಿಲ್ಲ. ವಾಪಸ್ ಬಂದು ಹಣ ಕೊಟ್ಟರೆ ಕಾಕ ತೆಗೆದುಕೊಳ್ಳಲಿಲ್ಲ. "ಉಸ್ತಾದರೇ, ನಿಮ್ಮ ಬಕೆಟ್‌ನಲ್ಲಿ ಅವಕ್ಕೆ ಉಸಿರಾಡಲಿಕ್ಕೆ ಏನಿತ್ತು?" ಅಂತ ಮಾತ್ರ ಕೇಳಿದರು.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ನಿಂತರೆ 30 ಡಿಗ್ರಿಯಲ್ಲಿ ಏಳೂವರೆ. ಸಮುದ್ರದ ಉಪ್ಪುನೀರಾದರೆ ಆರರ ಆಸುಪಾಸು. ಸೆಕೆಗೆ ಸಿಗಡಿಯ ಉಸಿರಾಟ ಮಾತ್ರ ಜೋರಾಗುತ್ತದೆ. ಇಕ್ಕಟ್ಟಿನಲ್ಲಿ ಅವುಗಳ ಹೊಲಸಿನಿಂದ ಅಮೋನಿಯವೂ ಸೇರುತ್ತದೆ. ನಾವೋ, ಇದರ ಮೇಲೆ ಕ್ಲೋರಿನ್ ಹಾಕಿದ, ಉಪ್ಪೇ ಇಲ್ಲದ ನೀರು ಕೊಟ್ಟಿದ್ದೆವು.

ಈಗ 10 ಲೀಟರ್ ನೀರಿಗೆ 20 ಸಿಗಡಿ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಆಸೆ ಬಿಡುವುದೇ ಇಲ್ಲಿ ಕಷ್ಟದ ಕೆಲಸ ಮಾರಾಯ್ರೆ. ನೀರು ಸಿಗಡಿ ಹಿಡಿದ ಜಾಗದ್ದೇ. ಅಳಿವೆಯಲ್ಲಿ ಏರುನೀರಿಗೂ ಇಳಿನೀರಿಗೂ ಉಪ್ಪು ಬೇರೆ ಬೇರೆ, ಆದ್ದರಿಂದ ನೀರು ಬದಲಿಸುವಾಗ ಒಂದೊಂದೇ ಚೊಂಬು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ಸೆಲ್ ಹಾಕುವ ಗಾಳಿ ಪಂಪ್ ಒಂದು ಇದ್ದರೆ ಅರ್ಧ ಚಿಂತೆ ಹೋಯಿತು. ಬಕೆಟ್ಟಿಗೆ ಒದ್ದೆ ಗೋಣಿ ಸುತ್ತಬೇಕು. ತೀರಾ ಬಿಸಿಲಾದರೆ ಮುಚ್ಚಳ ಬಿಗಿದ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಒಳಗಿಡಬಹುದು, ಸ್ವಲ್ಪ ಹೊತ್ತು ಮಾತ್ರ. ಐಸ್ ಕರಗಿ ನೀರಿಗೆ ಸೇರಬಾರದು.

ತೂತಿನ ಡಬ್ಬವನ್ನು ಹಗ್ಗ ಕಟ್ಟಿ ನದಿಗೆ ಇಳಿಬಿಡುವ ಕ್ರಮವೂ ಉಂಟು. ಲಂಗರು ಹಾಕಿ ನಿಂತಾಗ ಅದರಷ್ಟು ಒಳ್ಳೆಯದು ಬೇರಿಲ್ಲ, ಹೊಸ ನೀರು ತಾನಾಗಿ ಬರುತ್ತದೆ. ಆದರೆ ಹುಟ್ಟು ಹಾಕುವಾಗ ಎಳೆದುಕೊಂಡು ಹೋದರೆ ಸಿಗಡಿ ಗೋಡೆಗೆ ಬಡಿದು ಸಾಯುತ್ತದೆ. ಕಯಾಕ್ ಕೂಡ ಮುಂದೆ ಹೋಗುವುದಿಲ್ಲ. ಹೊರಡುವ ಮೊದಲು ಬಕೆಟ್ಟಿಗೆ ಎತ್ತಿಕೊಳ್ಳಬೇಕು. ಆ ಬಕೆಟ್ 10 ಕಿಲೋಗೂ ಮೇಲೆ, ನಡುಮಧ್ಯೆ ತಗ್ಗಿನಲ್ಲಿಡದಿದ್ದರೆ ಸಿಗಡಿಗೆ ಮೊದಲು ನಾವೇ ನೀರಿಗೆ.

ಸತ್ತದ್ದನ್ನು ಕೂಡಲೇ ತೆಗೆಯಿರಿ, ಒಂದು ಕೊಳೆತರೆ ಉಳಿದವಕ್ಕೂ ಕುತ್ತು. ಅತ್ತರು ಹಚ್ಚಿದ ಕೈಯನ್ನು ಬಕೆಟ್ಟಿಗೆ ಹಾಕಬೇಡಿ, ಮೊದಲು ನದಿಯಲ್ಲಿ ತೊಳೆಯಿರಿ. ಇದನ್ನು ಭಾವನಿಗೆ ನಾಲ್ಕು ಸಲ ಹೇಳಿದ್ದೇವೆ. ಗಾಳ ಸಪೂರದ್ದಿರಲಿ. ತಲೆಯ ಮೇಲಿನ ಮುಳ್ಳಿನ ಬುಡದಲ್ಲಿ, ಒಳಗೆ ಕಪ್ಪಾಗಿ ಕಾಣುವ ಭಾಗಕ್ಕೆ ತಾಗದಂತೆ ಚುಚ್ಚಿದರೆ ಸಿಗಡಿ ತುಂಬಾ ಹೊತ್ತು ಈಜುತ್ತದೆ. ಆ ಕಪ್ಪಿಗೆ ತಾಗಿತೋ, ಕೆಲಸ ಮುಗಿಯಿತು.

ಮೊನ್ನೆ 20ರಲ್ಲಿ ಆರು ಉಳಿದವು. ಮೀಸೆ ಆಡಿಸಿಕೊಂಡು ಚೆನ್ನಾಗಿಯೇ ಇದ್ದವು. ಕೆಂಬೇರಿ ಸಿಕ್ಕಿದ್ದು ಒಂದೇ, ಅದೂ ಅಂಗೈಯಗಲದ್ದು, ಬಿಟ್ಟುಬಿಟ್ಟೆವು. ಕಡವಿನಲ್ಲಿ ಕಾಕ ಮೀನು ಕೇಳಲೇ ಇಲ್ಲ, ಬಕೆಟ್ಟಿಗೆ ಬಗ್ಗಿ ನೋಡಿದರು. "ಇವು ನಾಳೆಗೂ ಆಗ್ತದೆ" ಅಂತ ತಮ್ಮ ಡಬ್ಬಕ್ಕೆ ಹಾಕಿಕೊಂಡು ಹೋದರು.